ಕ್ಯಾನ್ಸರ್ ಅಂದ್ರೆ ‘ಇಮ್ಯುನಿಟಿ ಕಮ್ಮಿ’ ಅಂತಲ್ಲ: ಅಬ್ಬಿಗೆರೆಯ ಧೂಳು ಮತ್ತು ನಮ್ಮದೇ ಕಾವಲು ಕೋಶಗಳು

ನಮ್ಮ ಬೀದಿಯ ಅಕ್ಕ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗಿ ಎಂಟು ತಿಂಗಳಾಯಿತು. ವಯಸ್ಸು 46. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಗಂಡನೂ ಸೇದುವುದಿಲ್ಲ. ಅಬ್ಬಿಗೆರೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಅಷ್ಟೂ ವರ್ಷ ಶೆಡ್ಡುಗಳಲ್ಲಿ ಪ್ಯಾಕಿಂಗ್ ಕೆಲಸ. ಪಕ್ಕದಲ್ಲೇ ಗ್ರೈಂಡಿಂಗು, ಎದುರಿಗೆ ಪೌಡರ್ ಕೋಟಿಂಗು. ಮನೆಗೆ ಬಂದ ನೆಂಟರೆಲ್ಲ ಮೊದಲು ಕೇಳುವುದು ಒಂದೇ ಮಾತು: “ಸೇದ್ತಿರ್ಲಿಲ್ಲ ಅಲ್ವಾ? ಮತ್ತೆ ಹೆಂಗ್ ಬಂತು?” ಎರಡನೆಯವರು ಬಂದು ಉತ್ತರ ಕೊಟ್ಟು ಹೋಗ್ತಾರೆ: “ಇಮ್ಯುನಿಟಿ ಕಮ್ಮಿ ಆಗಿತ್ತು ಅನ್ಸುತ್ತೆ.” ಮೂರನೆಯವರು ಇಮ್ಯುನಿಟಿ ಹೆಚ್ಚಿಸುವ ಕಷಾಯದ ಪುಡಿಯನ್ನೇ ತಂದುಕೊಟ್ಟಿದ್ದಾರೆ. ಡಬ್ಬಿಗೆ 900 ರೂಪಾಯಿ.

ಒಂದು ಸಂಜೆ ಅಕ್ಕ ನನ್ನನ್ನು ಕೂರಿಸಿಕೊಂಡು ಕೇಳಿದರು. “ನೀನು ಕಾಲೇಜಲ್ಲಿ ಬಯಾಲಜಿ ಹೇಳ್ಕೊಡ್ತೀಯಲ್ಲಮ್ಮ. ನಿಜ ಹೇಳು, ನಂಗೆ ಇಮ್ಯುನಿಟಿ ಕಮ್ಮಿ ಇತ್ತಾ? ನಾನೇ ಸರಿಯಾಗಿ ತಿನ್ನದೆ ಉಣ್ಣದೆ ತಂದ್ಕೊಂಡ್ನಾ?”

ಆ ಪ್ರಶ್ನೆಯ ಕೊನೆಯ ಭಾಗ ನನ್ನನ್ನು ಬಹಳ ದಿನ ಕಾಡಿತು. ಅವರಿಗೆ ಅವತ್ತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಯಾಕಂದ್ರೆ ಇದು ಒಬ್ಬರ ಊಟ–ತಿಂಡಿಯ ವಿಷಯ ಅಲ್ಲ.

ಶಾಲೆಯಲ್ಲಿ ನಮಗೆಲ್ಲ ಕಲಿಸಿದ್ದು ಸೈನಿಕರ ಕಥೆ. ಬಿಳಿ ರಕ್ತಕಣಗಳು ಸೈನಿಕರು, ರೋಗಾಣು ಶತ್ರು, ಸೈನ್ಯ ದುರ್ಬಲವಾದರೆ ಶತ್ರು ಒಳಗೆ ಬರ್ತಾನೆ. ನಾನೂ ಕೆಲವು ವರ್ಷ ಹೀಗೇ ಪಾಠ ಮಾಡಿದ್ದೇನೆ, ಒಪ್ಪಿಕೊಳ್ತೀನಿ. ಈ ಕಥೆ ಪೂರ್ತಿ ಸುಳ್ಳೇನಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡು ವರ್ಷಗಟ್ಟಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚು. ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಸಿಗದವರಲ್ಲೂ ಹಾಗೆಯೇ. ಅಂದರೆ ಕಾವಲು ನಿಜಕ್ಕೂ ಇದೆ. ಹುಟ್ಟುತ್ತಲೇ ಇರುವ ಕೆಟ್ಟ ಕೋಶಗಳನ್ನು ಅದು ಹುಡುಕಿ ಕೊಲ್ಲುತ್ತಲೂ ಇರುತ್ತದೆ. ಆದರೆ ಈ ಕಥೆಯಲ್ಲಿ ಅರ್ಧ ಮಾತ್ರ ಇದೆ. ಬಿಟ್ಟುಹೋದ ಅರ್ಧದಲ್ಲಿ, ಅದೇ ಕಾವಲಿನವರು ಕ್ಯಾನ್ಸರಿಗೆ ಅನ್ನ ನೀರು ಕೊಟ್ಟು ಸಾಕ್ತಾರೆ.

ಅದು ಹೇಗೆ ಅನ್ನೋದಕ್ಕೆ ಒಂದು ಗಾಯದಿಂದ ಶುರು ಮಾಡೋಣ. ನಮ್ಮ ಕಡೆ ಲೇತ್ ಮೇಲೆ ಕೆಲಸ ಮಾಡುವ ಹುಡುಗರ ಬೆರಳಿಗೆ ವಾರಕ್ಕೊಂದು ಬ್ಯಾಂಡೇಜ್ ಇದ್ದದ್ದೇ. ಕಬ್ಬಿಣದ ಸಿಬಿರು ಹೊಕ್ಕು ಬೆರಳು ಕೆಂಪಾಗುತ್ತೆ, ಊದುತ್ತೆ, ಬಿಸಿಯಾಗುತ್ತೆ, ಮಿಡಿಯುತ್ತೆ. ಇದೇ ಉರಿಯೂತ. ರೋಗ ಅಲ್ಲ, ರಿಪೇರಿ ಕೆಲಸದ ಸದ್ದು. ಮೊದಲು ನ್ಯೂಟ್ರೊಫಿಲ್ ಅನ್ನುವ ಕೋಶಗಳು ಓಡಿ ಬರ್ತವೆ, ಕಂಡದ್ದರ ಮೇಲೆಲ್ಲ ರಾಸಾಯನಿಕ ಎರಚುತ್ತವೆ. ಹಿಂದೆಯೇ ಮ್ಯಾಕ್ರೊಫೇಜ್ ಬರುತ್ತದೆ. ಹೆಸರಿನ ಅರ್ಥವೇ ದೊಡ್ಡ ತಿನ್ನುಬಾಕ ಅಂತ. ಸತ್ತ ಕೋಶ, ಕೊಳೆ, ರೋಗಾಣು ಎಲ್ಲವನ್ನೂ ನುಂಗುತ್ತದೆ. ಒಂದೆರಡು ದಿನ ಕಳೆದ ಮೇಲೆ ಇದೇ ಮ್ಯಾಕ್ರೊಫೇಜ್ ವೇಷ ಬದಲಿಸುತ್ತದೆ. ಕೊಲ್ಲುವ ಕೆಲಸ ಬಿಟ್ಟು ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ‘ಇಲ್ಲಿಗೆ ಹೊಸ ರಕ್ತನಾಳ ಬೇಕು’, ‘ಸುತ್ತಲಿನ ಚರ್ಮದ ಕೋಶಗಳೇ, ಬೇಗ ಬೇಗ ಇಬ್ಭಾಗವಾಗಿ’, ‘ಹಳೆಯ ಅಂಗಾಂಶ ಕರಗಿಸಿ ದಾರಿ ಮಾಡಿ’ ಅನ್ನುವ ಸಂದೇಶಗಳನ್ನು ಬಿಡುಗಡೆ ಮಾಡುತ್ತದೆ. ಜೊತೆಗೆ, ಹೊಡೆದಾಟ ಸಾಕು ಅಂತ ಬೇರೆ ಕಾವಲು ಕೋಶಗಳನ್ನು ಸುಮ್ಮನಾಗಿಸುತ್ತದೆ. ಗಾಯ ಮುಚ್ಚಿದ ಮೇಲೆ ಎಲ್ಲರೂ ಮನೆಗೆ.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಹೊಸ ರಕ್ತನಾಳ, ವೇಗವಾಗಿ ಹೆಚ್ಚುವ ಕೋಶಗಳು, ಕರಗಿ ದಾರಿ ಬಿಡುವ ಅಂಗಾಂಶ, ತೆಪ್ಪಗಾದ ಕಾವಲು. ಒಂದು ಕ್ಯಾನ್ಸರ್ ಗಡ್ಡೆಗೆ ಬೆಳೆಯಲು ಬೇಕಾದದ್ದು ಕೂಡ ಇಷ್ಟೇ. 1986ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ ಒಂದು ಲೇಖನ ಬರೆದು, ಗಡ್ಡೆ ಅಂದರೆ ಮಾಯದ ಗಾಯ ಅಂತ ವಾದಿಸಿದರು. ಗಡ್ಡೆಯೊಳಗೆ ಕ್ಯಾನ್ಸರ್ ಕೋಶಗಳಷ್ಟೇ ಇರುವುದಿಲ್ಲ. ಮ್ಯಾಕ್ರೊಫೇಜ್‌ಗಳು ದಂಡಿಯಾಗಿ ಬಿಡಾರ ಹೂಡಿರುತ್ತವೆ, ರಿಪೇರಿ ನಡೆದೇ ಇದೆ ಅನ್ನುವ ಭ್ರಮೆಯಲ್ಲಿ ಕಟ್ಟುವ ಕೆಲಸ ಮುಂದುವರಿಸುತ್ತಿರುತ್ತವೆ. ಅನೇಕ ಬಗೆಯ ಗಡ್ಡೆಗಳಲ್ಲಿ ಇಂಥ ಮ್ಯಾಕ್ರೊಫೇಜ್ ಹೆಚ್ಚಿದ್ದಷ್ಟೂ ರೋಗಿಯ ಮುಂದಿನ ದಾರಿ ಕಷ್ಟ.

ಗಡ್ಡೆಯೊಳಗೆ ಬಿಳಿ ರಕ್ತಕಣಗಳಿವೆ ಅಂತ ಮೊದಲು ಗಮನಿಸಿದವರು ಜರ್ಮನಿಯ ರುಡಾಲ್ಫ್ ವಿರ್ಕೋ. ಅದು 1863. ಬಹುಕಾಲದ ಕೆರಳಿಕೆಗೂ ಕ್ಯಾನ್ಸರಿಗೂ ಸಂಬಂಧ ಇದೆ ಅಂದರು. ನೂರು ವರ್ಷ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಈ ವಿರ್ಕೋ ಬರೀ ಸೂಕ್ಷ್ಮದರ್ಶಕದ ಮನುಷ್ಯ ಅಲ್ಲ. 1848ರಲ್ಲಿ ಸೈಲೀಸಿಯಾದ ಬಡವರ ನಡುವೆ ಟೈಫಸ್ ಹಬ್ಬಿದಾಗ ಸರ್ಕಾರ ಇವರನ್ನು ವರದಿ ಬರೆಯಲು ಕಳಿಸಿತು. ಇವರು ಔಷಧಿಯ ಪಟ್ಟಿ ಕೊಡುವ ಬದಲು ಶಿಕ್ಷಣ, ಕೂಲಿ, ಪ್ರಜಾಪ್ರಭುತ್ವ ಬೇಕು ಅಂತ ಬರೆದು ಕೊಟ್ಟರು. ಮುಂದೆ ಸಂಸತ್ತಿಗೆ ಹೋಗಿ ಬಿಸ್ಮಾರ್ಕ್‌ಗೆ ಎದುರಾಗಿ ನಿಂತರು. ಕೋಶವನ್ನೂ ಸಮಾಜವನ್ನೂ ಒಟ್ಟಿಗೆ ನೋಡಿದ ಮನುಷ್ಯನೇ ಉರಿಯೂತವನ್ನೂ ಕ್ಯಾನ್ಸರನ್ನೂ ಜೋಡಿಸಿದ್ದು ಕಾಕತಾಳೀಯ ಇರಬಹುದು. ನನಗಂತೂ ಹಾಗನ್ನಿಸುವುದಿಲ್ಲ.

ಈಗ ಶ್ವಾಸಕೋಶಕ್ಕೆ ಬರೋಣ. ಅಕ್ಕನ ಬಯಾಪ್ಸಿ ವರದಿಯಲ್ಲಿ ‘ಇಜಿಎಫ್‌ಆರ್ ಮ್ಯುಟೇಶನ್ ಪಾಸಿಟಿವ್’ ಅಂತಿತ್ತು. ಇಜಿಎಫ್‌ಆರ್ ಅನ್ನುವುದು ಕೋಶ ಬೆಳೆಯಲು ಹೇಳುವ ಒಂದು ಸ್ವಿಚ್ಚು. ಅದರ ಜೀನಿನಲ್ಲಿ ತಪ್ಪು ಬಿದ್ದರೆ ಸ್ವಿಚ್ಚು ಆನ್ ಆಗಿಯೇ ಉಳಿಯುತ್ತದೆ. ಸಿಗರೇಟು ಸೇದದವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ ಕಾಣುವ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ತಪ್ಪು ತುಂಬಾ ಸಾಮಾನ್ಯ. ಹಾಗಾದರೆ ಈ ತಪ್ಪು ಬಿದ್ದ ಕೂಡಲೇ ಕ್ಯಾನ್ಸರ್ ಬರುತ್ತಾ?

2023ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರ: ಇಲ್ಲ. ಅವರು 295 ಜನರ ಶ್ವಾಸಕೋಶದ ಆರೋಗ್ಯವಂತ ಅಂಗಾಂಶವನ್ನು ಬಹಳ ಸೂಕ್ಷ್ಮವಾಗಿ ಪರೀಕ್ಷಿಸಿದರು. ಶೇ 18ರಷ್ಟು ಮಾದರಿಗಳಲ್ಲಿ ಇಜಿಎಫ್‌ಆರ್ ತಪ್ಪು ಇತ್ತು. ಕ್ಯಾನ್ಸರ್ ಇಲ್ಲದ ಅಂಗಾಂಶದಲ್ಲಿ! ವಯಸ್ಸಾದಂತೆ ಇಂಥ ತಪ್ಪಿನ ಕೋಶಗಳು ನಮ್ಮೆಲ್ಲರ ಒಳಗೂ ಅಲ್ಲೊಂದು ಇಲ್ಲೊಂದು ಸೇರಿಕೊಳ್ಳುತ್ತವೆ, ಹೆಚ್ಚಿನವು ನಿದ್ದೆ ಮಾಡುತ್ತಲೇ ಕಾಲ ಕಳೆಯುತ್ತವೆ. ಹಾಗಾದರೆ ಎಬ್ಬಿಸುವುದು ಯಾರು?

ಇಂಗ್ಲೆಂಡ್, ತೈವಾನ್, ದಕ್ಷಿಣ ಕೊರಿಯಾ, ಕೆನಡಾಗಳ ಸುಮಾರು 33,000 ರೋಗಿಗಳ ದಾಖಲೆ ನೋಡಿದಾಗ, ಗಾಳಿಯಲ್ಲಿ ಪಿಎಂ 2.5 ಹೆಚ್ಚಿದ್ದ ಕಡೆ ಇಜಿಎಫ್‌ಆರ್ ಬಗೆಯ ಶ್ವಾಸಕೋಶದ ಕ್ಯಾನ್ಸರೂ ಹೆಚ್ಚಿತ್ತು. ಪಿಎಂ 2.5 ಅಂದರೆ ಕೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲಿನ ಕಣ: ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ, ಜನರೇಟರ್ ಹೊಗೆಯಲ್ಲಿ ಇರುವಂಥದ್ದು. ಆಮೇಲೆ ಇಲಿಗಳ ಮೇಲೆ ಪ್ರಯೋಗ. ಇಜಿಎಫ್‌ಆರ್ ತಪ್ಪು ಇರುವ ಇಲಿಗಳಿಗೆ ಈ ಕಣಗಳನ್ನು ಉಸಿರಾಡಿಸಿದಾಗ ಗಡ್ಡೆಗಳು ಹೆಚ್ಚಿದವು. ಕಣಗಳು ಡಿಎನ್‌ಎಗೆ ಹೊಸ ಪೆಟ್ಟು ಕೊಟ್ಟಿದ್ದರಿಂದ ಅಲ್ಲ. ಧೂಳು ಕಂಡು ಮ್ಯಾಕ್ರೊಫೇಜ್‌ಗಳು ಓಡಿಬಂದವು, ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವ ಉರಿಯೂತದ ಸಂದೇಶ ಬಿಟ್ಟವು. ಆ ಸಂದೇಶ ಕೇಳಿ ಮಲಗಿದ್ದ ತಪ್ಪು ಕೋಶಗಳು ಎದ್ದು ಕೂತವು. ಆ ಒಂದು ಸಂದೇಶವನ್ನು ಪ್ರತಿಕಾಯ ಕೊಟ್ಟು ತಡೆದಾಗ, ಧೂಳು ಅಷ್ಟೇ ಇದ್ದರೂ ಗಡ್ಡೆ ಕಮ್ಮಿಯಾಯಿತು.

ಕ್ಯಾನ್ಸರ್ ಸಂಶೋಧನೆಯಲ್ಲಿ ಇದು ತೀರಾ ಹೊಸ ಯೋಚನೆಯೇನಲ್ಲ. 1947ರಲ್ಲೇ ಆಕ್ಸ್‌ಫರ್ಡಿನ ಬೆರೆನ್‌ಬ್ಲಮ್ ಮತ್ತು ಶೂಬಿಕ್ ಇಲಿಗಳ ಚರ್ಮದ ಮೇಲೆ ಕ್ಯಾನ್ಸರ್‌ಕಾರಕವನ್ನು ಒಂದೇ ಒಂದು ಸಲ ಹಚ್ಚಿ ಬಿಟ್ಟರು. ಏನೂ ಆಗಲಿಲ್ಲ. ಅದೇ ಜಾಗಕ್ಕೆ ವಾರಗಟ್ಟಲೆ ಕೆರಳಿಸುವ ಎಣ್ಣೆ ಹಚ್ಚಿದಾಗ ಗಡ್ಡೆ ಎದ್ದವು. ಎಣ್ಣೆ ಯಾವುದು ಗೊತ್ತಾ? ಜಾಪಾಳದ ಎಣ್ಣೆ. ನಮ್ಮ ಅಜ್ಜಿಯರು ಭೇದಿಗೆ ಹೆದರಿಸುತ್ತಿದ್ದರಲ್ಲ, ಅದೇ ಜಾಪಾಳ. ಬರೀ ಎಣ್ಣೆ ಹಚ್ಚಿದರೆ ಗಡ್ಡೆ ಬರುತ್ತಿರಲಿಲ್ಲ, ಮೊದಲು ಎಣ್ಣೆ ಹಚ್ಚಿ ಆಮೇಲೆ ಕ್ಯಾನ್ಸರ್‌ಕಾರಕ ಹಚ್ಚಿದರೂ ಬರುತ್ತಿರಲಿಲ್ಲ. ಬೀಜ ಮೊದಲು, ನೀರು ಆಮೇಲೆ. ಬೀಜ ನಮ್ಮ ಕೈಯಲ್ಲಿಲ್ಲ. ನೀರು ಹಾಕುವುದು ಬಿಡುವುದು ಮಾತ್ರ ಸಮಾಜದ ಕೈಯಲ್ಲಿದೆ.

ಅಕ್ಕನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ನಿಮ್ಮ ಕಾವಲು ಕೋಶಗಳು ಸೋಮಾರಿಗಳಾಗಿರಲಿಲ್ಲ ಅಕ್ಕ, ಅವಕ್ಕೆ ಇಪ್ಪತ್ತು ವರ್ಷ ರಜೆಯೇ ಸಿಗಲಿಲ್ಲ. ಅಬ್ಬಿಗೆರೆಯ ಧೂಳಿನಿಂದಲೇ ಅವರಿಗೆ ಕ್ಯಾನ್ಸರ್ ಬಂತು ಅಂತ ನಾನು ಹೇಳಲಾರೆ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಹಾಗೆ ಬೆರಳು ತೋರಿಸಲು ಯಾವ ಪರೀಕ್ಷೆಯೂ ಇಲ್ಲ. ಆದರೆ ‘ಇಮ್ಯುನಿಟಿ ಹೆಚ್ಚಿಸಿಕೊಳ್ಳಿ’ ಅನ್ನುವ ಸಲಹೆ ಎಷ್ಟು ಪೊಳ್ಳು ಅಂತ ಹೇಳಬಲ್ಲೆ. ಈಗಾಗಲೇ ಕೆರಳಿ ಕೂತ ಮ್ಯಾಕ್ರೊಫೇಜನ್ನು ಇನ್ನಷ್ಟು ಕೆರಳಿಸಿ ಏನು ಮಾಡೋದು?

ಹಾಗಂತ ಉರಿಯೂತ ತಗ್ಗಿಸುವ ಮಾತ್ರೆ ನುಂಗಿಬಿಟ್ಟರೆ ಆಯಿತಲ್ಲ ಅಂದರೆ ಅದೂ ಅಷ್ಟು ಸುಲಭವಿಲ್ಲ. 2017ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದ ‘ಕ್ಯಾಂಟೋಸ್’ ಪ್ರಯೋಗದಲ್ಲಿ, ಇದೇ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕೆನಾಕಿನುಮ್ಯಾಬ್ ಔಷಧಿ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎದ್ದುಕಾಣುವಷ್ಟು ಕಡಿಮೆಯಾಯಿತು. ಹೆಚ್ಚಿನ ಡೋಸು ಪಡೆದವರಲ್ಲಿ ಆ ಕ್ಯಾನ್ಸರಿನ ಸಾವು ಶೇ 77ರಷ್ಟು ಇಳಿಯಿತು. ಆದರೆ ಜೊತೆಗೆ ಸೋಂಕಿನಿಂದ ಸಾಯುವವರ ಸಂಖ್ಯೆ ಏರಿತು. ಮುಂದೆ ಅದೇ ಔಷಧಿಯನ್ನು ಆಗಲೇ ಶ್ವಾಸಕೋಶದ ಕ್ಯಾನ್ಸರ್ ಬಂದವರಿಗೆ ಕೊಟ್ಟು ನೋಡಿದರೆ ಕೆಲಸ ಮಾಡಲಿಲ್ಲ. ಊರಿಗೆಲ್ಲ ಇಂಜೆಕ್ಷನ್ ಚುಚ್ಚಿ ಕಾವಲು ಮಲಗಿಸುವುದಕ್ಕಿಂತ ಗಾಳಿ ಶುದ್ಧ ಮಾಡುವುದು ಅಗ್ಗ ಅಲ್ವಾ?

ಗಾಳಿಯ ಲೆಕ್ಕ ಹೀಗಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಹಾಕಿದ ವಾರ್ಷಿಕ ಮಿತಿ ಒಂದು ಘನ ಮೀಟರಿಗೆ 5 ಮೈಕ್ರೊಗ್ರಾಂ. ನಮ್ಮ ದೇಶದ 2009ರ ಮಾನದಂಡ 40. ಎಂಟು ಪಟ್ಟು! ಆದ್ದರಿಂದ ‘ಬೆಂಗಳೂರಿನ ಗಾಳಿ ಮಿತಿಯೊಳಗಿದೆ’ ಅಂತ ಯಾರಾದರೂ ಹೇಳಿದರೆ ಯಾವ ಮಿತಿ ಅಂತ ಕೇಳಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ. ಆದರೆ ಅಲ್ಲಿ ನಗರಗಳ ಸಾಧನೆ ಅಳೆಯುವುದು ಮುಖ್ಯವಾಗಿ ಪಿಎಂ 10ರ ಲೆಕ್ಕದಲ್ಲಿ, ಅಂದರೆ ದಪ್ಪ ಧೂಳು. ರಸ್ತೆ ಗುಡಿಸುವ ಯಂತ್ರ ಕೊಂಡರೆ, ನೀರು ಚಿಮುಕಿಸಿದರೆ ಅಂಕ ಬರುತ್ತೆ. ಶ್ವಾಸಕೋಶದ ತಳ ಮುಟ್ಟುವ ಸಣ್ಣ ಕಣಕ್ಕೆ ನೀರು ಚಿಮುಕಿಸಿ ಏನು ಮಾಡ್ತೀರಿ?

ಇನ್ನು ಶೆಡ್ಡಿನೊಳಗಿನ ಗಾಳಿಯನ್ನು ಅಳೆಯುವವರೇ ಇಲ್ಲ. ಪೀಣ್ಯದ ದೊಡ್ಡ ಕಾರ್ಖಾನೆಗಳ ಕೆಲಸ ಹೊರಗುತ್ತಿಗೆಯಾಗಿ ಹರಿದು ಬಂದು ನಿಲ್ಲುವುದು ನಮ್ಮ ಅಬ್ಬಿಗೆರೆ ಥರದ ಜಾಗಗಳಲ್ಲಿ. ತಗಡಿನ ಶೀಟು, ನಾಲ್ಕು ಮಷೀನು, ಆರೋ ಎಂಟೋ ಜನ. ಎರಕದ ಮರಳು, ಕೆಲವು ಬಗೆಯ ಗ್ರೈಂಡಿಂಗಿನಿಂದ ಏಳುವ ಸಿಲಿಕಾ ಧೂಳು ಕ್ಯಾನ್ಸರ್‌ಕಾರಕ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಇಲ್ಲೂ ನಡುವೆ ನಿಂತಿರುವುದು ಅದೇ ಮ್ಯಾಕ್ರೊಫೇಜ್. ಸಿಲಿಕಾ ಹರಳನ್ನು ನುಂಗುತ್ತದೆ, ಅರಗಿಸಲಾಗುವುದಿಲ್ಲ. ಹರಳು ಅದರ ಹೊಟ್ಟೆ ಸೀಳುತ್ತದೆ. ಒಡೆದ ಕೋಶ ಅದೇ ಇಂಟರ್‌ಲ್ಯೂಕಿನ್-1 ಬೀಟಾವನ್ನು ಚೆಲ್ಲುತ್ತದೆ, ಹರಳನ್ನು ನುಂಗಲು ಇನ್ನೊಂದು ಮ್ಯಾಕ್ರೊಫೇಜ್ ಬರುತ್ತದೆ. ಇದಕ್ಕೆ ಕೊನೆಯಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗವಾಗಿತ್ತು. ಆದರೆ ವಿದ್ಯುತ್ ಬಳಸುವ ಜಾಗ ಆ ಕಾಯ್ದೆಯ ಲೆಕ್ಕದಲ್ಲಿ ‘ಕಾರ್ಖಾನೆ’ ಅನ್ನಿಸಿಕೊಳ್ಳಲು 10 ಜನ ಬೇಕಿತ್ತು. 2020ರ ಹೊಸ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಎಂಟು ಜನರ ಶೆಡ್ಡು ಮೊದಲೂ ಹೊರಗಿತ್ತು, ಈಗ ಹದಿನೈದು ಜನರದ್ದೂ ಹೊರಗೆ. ಮ್ಯಾಕ್ರೊಫೇಜ್ ಮಾತ್ರ ತಲೆ ಎಣಿಸಿ ಕೆಲಸ ಮಾಡುವುದಿಲ್ಲ.

ಅಡಿಕೆಯ ಮಾತೂ ಸ್ವಲ್ಪ ಆಡಬೇಕು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಅದೇ ಅಂತಾರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಜಗಿದು ಜಗಿದು ಕೆನ್ನೆಯ ಒಳಪದರ ಸದಾ ಕೆರಳಿರುತ್ತದೆ, ರಿಪೇರಿಗೆ ಬಂದ ಕೋಶಗಳು ನಾರು ಕಟ್ಟುತ್ತಲೇ ಹೋಗುತ್ತವೆ. ಕೊನೆಗೆ ಬಾಯಿ ಎರಡು ಬೆರಳಗಲವೂ ತೆರೆಯುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಅದು ಬಾಯಿ ಕ್ಯಾನ್ಸರ್ ಆಗುತ್ತದೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಯಿತು. ಅಡಿಕೆ ಹಾನಿಕರ ಅಂತ ಬಾಯಿ ಬಿಟ್ಟರೆ ಮೂರೂ ಪಕ್ಷದವರು ಒಂದಾಗ್ತಾರೆ. ಬೆಳೆಗಾರರ ಭಯ ನನಗೆ ಅರ್ಥ ಆಗುತ್ತೆ, ಪರ್ಯಾಯ ಬೆಳೆಯ ಯೋಜನೆ ಇಲ್ಲದೆ ಅವರನ್ನು ಬೈಯುವುದು ಸುಲಭದ ಕೆಲಸ. ಆದರೆ ವಿಜ್ಞಾನವನ್ನೇ ಅಲ್ಲಗಳೆಯುವುದು ಪರ್ಯಾಯ ಅಲ್ಲ.

ಬಾಯಿ ಕ್ಯಾನ್ಸರಿನ ವಿಷಯ ಎತ್ತಿದ್ದಕ್ಕೆ ಇನ್ನೊಂದು ಕಾರಣ ಇದೆ. ಕಾವಲು ಕೋಶಗಳನ್ನು ಮತ್ತೆ ನಮ್ಮ ಕಡೆಗೆ ತಿರುಗಿಸುವ ಚಿಕಿತ್ಸೆ ಈಗ ಇದೆ. ಟಿ ಕೋಶಗಳು ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವವು. ಅವು ಮಿತಿ ಮೀರದಂತೆ ಅವುಗಳ ಮೈಮೇಲೆಯೇ ಬ್ರೇಕುಗಳಿವೆ. ಅದರ ಮೇಲೆ ‘ನಿಯಂತ್ರಕ ಟಿ ಕೋಶ’ಗಳೆಂಬ ಶಾಂತಿದೂತರೂ ಇದ್ದಾರೆ, ಇವುಗಳ ಶೋಧಕ್ಕೇ 2025ರ ವೈದ್ಯಕೀಯ ನೊಬೆಲ್ ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಮೂವರಿಗೆ ಸಿಕ್ಕಿದ್ದು. ಗಡ್ಡೆ ಮಾಡುವ ಕುತಂತ್ರ ಏನಂದರೆ, ಬ್ರೇಕನ್ನು ತಾನೇ ಒತ್ತಿ ಹಿಡಿಯುತ್ತದೆ, ಶಾಂತಿದೂತರನ್ನು ತನ್ನ ಸುತ್ತ ಸೇರಿಸಿಕೊಳ್ಳುತ್ತದೆ. ಜಪಾನಿನ ತಸುಕು ಹೊಂಜೊ ತಂಡ 1992ರಲ್ಲಿ ಗುರುತಿಸಿದ ಪಿಡಿ-1 ಅಂಥ ಒಂದು ಬ್ರೇಕು. ಅದನ್ನು ಬಿಡಿಸುವ ಔಷಧಿಗಳಲ್ಲಿ ನಿವೊಲುಮ್ಯಾಬ್ ಒಂದು. ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್ ಜೊತೆ ಹೊಂಜೊಗೆ 2018ರ ನೊಬೆಲ್ ಬಂತು. ಎಲ್ಲರಿಗೂ ಇದು ಫಲಿಸುವುದಿಲ್ಲ. ಅಕ್ಕನ ಥರದ ಇಜಿಎಫ್‌ಆರ್ ಕ್ಯಾನ್ಸರಿಗೆ ಇದರ ಉಪಯೋಗ ಕಮ್ಮಿ. ಅವರಿಗೆ ಆ ಕೆಟ್ಟ ಸ್ವಿಚ್ಚನ್ನೇ ಆಫ್ ಮಾಡುವ ಮಾತ್ರೆ ಇದೆ, ದಿನಾ ನುಂಗುತ್ತಿದ್ದಾರೆ. ತಲೆ–ಕುತ್ತಿಗೆ ಕ್ಯಾನ್ಸರಿಗೆ ಫಲಿಸುತ್ತದೆ, ಆದರೆ ಪೂರ್ತಿ ಡೋಸಿನ ಖರ್ಚು ಲಕ್ಷಗಳಲ್ಲಿ.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಒಂದು ಸರಳ ಪ್ರಶ್ನೆ ಕೇಳಿದರು: ಅಷ್ಟು ಡೋಸು ನಿಜಕ್ಕೂ ಬೇಕಾ? ತಲೆ–ಕುತ್ತಿಗೆಯ ಕ್ಯಾನ್ಸರ್ ಮುಂದುವರಿದ 151 ರೋಗಿಗಳಲ್ಲಿ ಅರ್ಧ ಜನರಿಗೆ ಅಗ್ಗದ ಮೂರು ಮಾತ್ರೆಗಳು, ಉಳಿದರ್ಧಕ್ಕೆ ಅವುಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಮಾಮೂಲಿ ಡೋಸಿನ ಹತ್ತನೇ ಒಂದು ಭಾಗವೂ ಅಲ್ಲ. ವರ್ಷದ ಕೊನೆಗೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 16.3, ಎರಡನೆಯದರಲ್ಲಿ ಶೇ 43.4. ಅಂದ ಹಾಗೆ ಆ ಅಗ್ಗದ ಮಾತ್ರೆಗಳಲ್ಲಿ ಒಂದು ಸೆಲೆಕಾಕ್ಸಿಬ್, ಕೀಲು ನೋವಿಗೆ ಕೊಡುವ ಉರಿಯೂತ ನಿವಾರಕ. ಫಲಿತಾಂಶ ಪ್ರಕಟವಾದದ್ದು 2022ರ ಕೊನೆಗೆ. ಡೋಸು ಕಮ್ಮಿ ಮಾಡಿ ನೋಡುವ ಪ್ರಯೋಗಕ್ಕೆ ಔಷಧಿ ಮಾರುವವರು ಯಾಕೆ ದುಡ್ಡು ಹಾಕ್ತಾರೆ? ಇಂಥದ್ದು ಸಾರ್ವಜನಿಕ ಆಸ್ಪತ್ರೆಗಳಿಂದಲೇ ಬರಬೇಕು. ಕಿದ್ವಾಯಿಯ ಕಾರಿಡಾರಿನಲ್ಲಿ ಟವೆಲಿನಿಂದ ಕೆನ್ನೆ ಮುಚ್ಚಿಕೊಂಡು ಕೂತವರ ಪಾಲಿಗೆ 20 ಮಿಲಿಗ್ರಾಮೋ 240 ಮಿಲಿಗ್ರಾಮೋ ಅನ್ನುವುದು ಜೀವದ ಪ್ರಶ್ನೆ. ನಮ್ಮ ಆರೋಗ್ಯ ಬಜೆಟ್ಟಿನ ಚರ್ಚೆಯಲ್ಲಿ ಈ ಮಾತು ಕೇಳಿದ್ದೀರಾ?

ಅಕ್ಕನ ಮೂರನೇ ಸ್ಕ್ಯಾನ್ ಬಂದಿದೆ, ಗಡ್ಡೆ ಕುಗ್ಗಿದೆ. ಕಷಾಯದ ಡಬ್ಬಿ ಹಾಗೇ ಶೆಲ್ಫಿನಲ್ಲಿದೆ, ತಂದುಕೊಟ್ಟವರು ಬೇಜಾರು ಮಾಡಿಕೊಳ್ತಾರೆ ಅಂತ ಎಸೆದಿಲ್ಲ. ಮನೆ ಎದುರಿನ ಖಾಲಿ ಸೈಟಿನಲ್ಲಿ ಸಂಜೆ ಏಳಕ್ಕೆ ಯಾರೋ ಕಸಕ್ಕೆ ಬೆಂಕಿ ಹಾಕ್ತಾರೆ. ಪಿಯುಸಿ ಓದುವ ಅಕ್ಕನ ಮಗ ಎರಡು ತಿಂಗಳಿಂದ ಅದರ ಫೋಟೊ ತೆಗೆದು ದೂರು ಹಾಕುತ್ತಿದ್ದಾನೆ. ಇದುವರೆಗೆ ಹನ್ನೊಂದು ದೂರು, ಎಲ್ಲದಕ್ಕೂ ‘ಪರಿಹರಿಸಲಾಗಿದೆ’ ಅನ್ನುವ ಮೆಸೇಜು ಬಂದಿದೆ. ಹನ್ನೆರಡನೆಯದನ್ನು ಮೊನ್ನೆ ಬೀದಿಯ ಎಲ್ಲರ ಸಹಿ ಹಾಕಿಸಿ ಕಾಗದದಲ್ಲಿ ಬರೆದ. ಗ್ರೈಂಡಿಂಗ್ ಶೆಡ್ಡಿನ ಮೂರು ಹುಡುಗರೂ ಸಹಿ ಹಾಕಿದ್ದಾರೆ.